ಕನ್ನಡದ ಬಲದಿಂದಲೇ ಇಂಗ್ಲಿಷ್ ಪದಸಂಪತ್ತು: ಹನ್ನೆರಡು ಸೂತ್ರಗಳು

ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಯಾವ ಕೋಣೆಗೆ ಹೋದರೂ ಗೋಡೆಯ ಮೇಲೆ ಭೂಪಟದ ಪಕ್ಕ ಇಂಗ್ಲಿಷ್ ಪದಗಳ ಪಟ್ಟಿಯೊಂದು ಇರುತ್ತದೆ. ಎಡಕ್ಕೆ ಪದ, ಬಲಕ್ಕೆ ಕನ್ನಡ ಅರ್ಥ. ಪಟ್ಟಿಯೇನೋ ಬಾಯಿಪಾಠ. ಆದರೆ ಅದೇ ಪದ ಪತ್ರಿಕೆಯ ಸಂಪಾದಕೀಯದಲ್ಲಿ ಎದುರಾದರೆ ಗುರುತು ಹತ್ತುವುದಿಲ್ಲ, ಸಂದರ್ಶನದಲ್ಲಿ ಬೇಕಾದಾಗ ನಾಲಿಗೆಗೆ ಬರುವುದಿಲ್ಲ. ಓದುವವರಲ್ಲಿ ಶ್ರಮಕ್ಕೆ ಕೊರತೆಯಿಲ್ಲ. ಒಂಟಿ ಪದಕ್ಕೆ ಒಂಟಿ ಅರ್ಥವನ್ನು ಗಂಟು ಹಾಕುವ ವಿಧಾನದಲ್ಲೇ ದೋಷವಿದೆ. ಕನ್ನಡ ಮಾಧ್ಯಮದವರಿಗೆ ಇದು ದಕ್ಕದ ವಿದ್ಯೆ ಎಂಬ ಅಳುಕನ್ನೂ ಬಿಡಬೇಕು. ಗಟ್ಟಿಯಾಗಿ ಕನ್ನಡ ಓದಿದವರ ಕೈಯಲ್ಲಿ ಇಂಗ್ಲಿಷಿನ ಕಠಿಣ ಪದಗಳ ಬೀಗದ ಕೈ ಆಗಲೇ ಇದೆ.

1. ಬೇಕಾದ್ದು ಎಷ್ಟು ಎಂದು ಮೊದಲು ತಿಳಿಯಿರಿ

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿರುವ ಎಲ್ಲವನ್ನೂ ಬಲ್ಲವರು ಇಂಗ್ಲೆಂಡಿನಲ್ಲೂ ಇಲ್ಲ. ಕಲಿಯುವವರ ಲೆಕ್ಕವೇ ಬೇರೆ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕೆಲಸ ಮಾಡಿದ್ದ ಮೈಕೆಲ್ ವೆಸ್ಟ್ ಅವರು ಅತಿ ಹೆಚ್ಚು ಬಳಕೆಯ ಸುಮಾರು 2,000 ಪದಗಳನ್ನು 1953ರಲ್ಲಿ ಪಟ್ಟಿ ಮಾಡಿ ಪ್ರಕಟಿಸಿದರು. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಅದರಾಚೆಗಿನ 570 ಪದಕುಟುಂಬಗಳನ್ನು ಕೊಟ್ಟರು. ಕಾಲೇಜು ಮಟ್ಟದ ಪಠ್ಯಗಳ ಹತ್ತನೇ ಒಂದು ಪಾಲನ್ನು ಆ 570 ಆವರಿಸುತ್ತವೆ. 'ಅನಲೈಜ್', 'ಅನಾಲಿಸಿಸ್', 'ಅನಲಿಟಿಕಲ್' ಮೂರೂ ಸೇರಿ ಒಂದು ಕುಟುಂಬ ಎಂಬ ಲೆಕ್ಕವಿದು. ಪತ್ರಿಕೆ, ಕಾದಂಬರಿಗಳನ್ನು ನೆರವಿಲ್ಲದೆ ಓದಲು 8,000ದಿಂದ 9,000 ಕುಟುಂಬ ಬೇಕು ಎಂದು ಪಾಲ್ ನೇಷನ್ 2006ರಲ್ಲಿ ಲೆಕ್ಕ ಕೊಟ್ಟರು.

ಈ ಕ್ರಮದಲ್ಲೇ ಹೋಗಿ. 'ನೆವರ್‌ದಿಲೆಸ್', 'ವೇರ್‌ಆ್ಯಸ್', 'ಸಬ್‌ಸಿಕ್ವೆಂಟ್' ಇನ್ನೂ ಅರ್ಧಂಬರ್ಧ ಗೊತ್ತಿರುವಾಗ ಅಪರೂಪದ ಪದಗಳ ಬೆನ್ನು ಹತ್ತಿದರೆ ಸಮಯ ನಷ್ಟ. ಪಟ್ಟಿಯನ್ನು ಬಾಯಿಪಾಠಕ್ಕೆ ಇಟ್ಟುಕೊಳ್ಳಬೇಡಿ. ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂದು ಗುರುತು ಹಾಕಲು ಬಳಸಿ.

2. ಸುದ್ದಿ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ

ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ ಒಂದೇ ಸಂಸ್ಥೆಯಿಂದ 1948ರಲ್ಲಿ ಶುರುವಾದ ಪತ್ರಿಕೆಗಳು. ಇವೇ ಆಗಬೇಕೆಂದಿಲ್ಲ, ನಿಮ್ಮೂರಿಗೆ ಬರುವ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆ ಸಾಕು. ಒಂದೇ ಸುದ್ದಿಯನ್ನು ಮೊದಲು ಕನ್ನಡದಲ್ಲಿ ಓದಿ. ವಿಷಯ ತಲೆಯಲ್ಲಿ ಕೂತ ಮೇಲೆ ಇಂಗ್ಲಿಷ್ ಪುಟ ತೆರೆದರೆ ಹೊಸದಾಗಿ ಉಳಿಯುವುದು ಪದ ಮಾತ್ರ. ನಿರೀಕ್ಷಣಾ ಜಾಮೀನು ಅಲ್ಲಿ 'ಆಂಟಿಸಿಪೇಟರಿ ಬೇಲ್' ಆಗಿರುತ್ತದೆ. ಕಲಾಪ ಅನಿರ್ದಿಷ್ಟಾವಧಿಗೆ ಮುಂದೂಡಿಕೆಯಾದದ್ದು 'ಅಡ್ಜರ್ನ್ಡ್ ಸೈನೆ ಡೈ'. ಪಕ್ಷಾಂತರ 'ಡಿಫೆಕ್ಷನ್', ಕೆರೆ ಒತ್ತುವರಿ 'ಎನ್‌ಕ್ರೋಚ್‌ಮೆಂಟ್', ಹಣದುಬ್ಬರ 'ಇನ್‌ಫ್ಲೇಷನ್'. ನಿಘಂಟು ತೆಗೆಯದೆಯೇ ಅರ್ಥವಾಗುತ್ತದೆ, ಯಾರ ಬಗ್ಗೆ, ಯಾವ ಸಂದರ್ಭದಲ್ಲಿ ಆ ಪದ ಬಂತು ಎಂಬುದೂ ಜೊತೆಗೆ ನೆನಪಿರುತ್ತದೆ. ನನ್ನ ಮಟ್ಟಿಗೆ ಈ ಹನ್ನೆರಡರಲ್ಲಿ ಅತಿ ಬೇಗ ಫಲ ಕೊಡುವ ಸೂತ್ರ ಇದು.

3. ತತ್ಸಮಗಳ ಬೇರು ಹಿಡಿದು ಹೋಗಿ

1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಮಾಡಿದ ಭಾಷಣ ಪ್ರಸಿದ್ಧ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದು ಅವರು ಅಂದು ಹೇಳಿದರು. ಕನ್ನಡ ದ್ರಾವಿಡ ನುಡಿ, ನಿಜ. ಆದರೆ ಶತಮಾನಗಳಿಂದ ಅದು ಸಂಸ್ಕೃತದ ಪದಗಳನ್ನು ತನ್ನದಾಗಿಸಿಕೊಂಡಿದೆ. ಇಂಗ್ಲಿಷ್ ತನ್ನ ಭಾರದ ಪದಗಳಲ್ಲಿ ಹೆಚ್ಚಿನವನ್ನು ಲ್ಯಾಟಿನ್, ಗ್ರೀಕ್‌ನಿಂದ ತಂದುಕೊಂಡಿದೆ. ಹಾಗಾಗಿ ಹೈಸ್ಕೂಲಿನ ಕನ್ನಡ ಪಠ್ಯದಲ್ಲಿ ಕಲಿತ ತತ್ಸಮಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಮೃತ, ಮರಣ, ಅಮರ ಗೊತ್ತಲ್ಲ? ಲ್ಯಾಟಿನ್‌ನಲ್ಲಿ ಅದೇ ಬೇರು 'ಮಾರ್ಟ್'. ಸಾಯುವವನು 'ಮಾರ್ಟಲ್', ಅಮರನು 'ಇಮ್ಮಾರ್ಟಲ್', ಶವಾಗಾರ 'ಮಾರ್ಚುರಿ'. ಅಳಿವಿನ ಅಂಚಿನಲ್ಲಿರುವ ಉದ್ಯಮ ಅಥವಾ ಸಂಪ್ರದಾಯ 'ಮಾರಿಬಂಡ್'.

ಜ್ಞಾನ, ಅಜ್ಞ, ಪ್ರಜ್ಞೆಗಳಲ್ಲಿರುವ 'ಜ್ಞಾ' ಅಲ್ಲಿ 'ಗ್ನೊ' ಆಗಿದೆ. 'ರೆಕಗ್ನೈಜ್', 'ಕಾಗ್ನಿಷನ್', 'ಡಯಾಗ್ನೊಸಿಸ್' ಎಲ್ಲದರಲ್ಲೂ ತಿಳಿವಿನ ಮಾತಿದೆ. ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರು 'ಆಗ್ನಾಸ್ಟಿಕ್'. ಈ ಪದವನ್ನು ಟಿ. ಎಚ್. ಹಕ್ಸ್‌ಲಿ 1869ರಲ್ಲಿ ಹುಟ್ಟುಹಾಕಿದರು. ಮುಂದಿರುವ 'ಆ' ನಮ್ಮ 'ಅಜ್ಞ', 'ಅಮರ', 'ಅಸತ್ಯ'ಗಳ 'ಅ'ಕಾರದ ಬಂಧುವೇ.

'ಭ' ಇದ್ದಲ್ಲಿ ಲ್ಯಾಟಿನ್‌ನಲ್ಲಿ ಪದದ ಮೊದಲಿಗೆ 'ಫ' ಬರುತ್ತದೆ. ಭ್ರಾತೃ ಅಲ್ಲಿ 'ಫ್ರೇಟರ್'. ನಮ್ಮ ಸಂವಿಧಾನದ ಪ್ರಸ್ತಾವನೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಕ್ಕಪಕ್ಕ ಇಟ್ಟು ಓದಿ: ಇಲ್ಲಿಯ ಭ್ರಾತೃತ್ವ ಅಲ್ಲಿ 'ಫ್ರಟರ್ನಿಟಿ'. ವೆಚ್ಚ ಭರಿಸು, ಭಾರ ಎನ್ನುವಾಗಿನ 'ಭರ' ಅಲ್ಲಿ 'ಫೆರ್', ಅಂದರೆ ಹೊರು. 'ಟ್ರಾನ್ಸ್‌ಫರ್' ಎಂದರೆ ಆಚೆ ಹೊತ್ತು ಹಾಕುವುದು.

ವಾಕ್, ವಾಚನದ ಜೊತೆಗಾರ 'ವೋಕ್'. ಮತ್ತೊಬ್ಬರ ಪರ ಮಾತಾಡಲು ಕರೆಸಿಕೊಂಡವರು 'ಅಡ್ವೊಕೇಟ್'. ಹಾಗೂ ಹೀಗೂ ಸಮನಾಗಿ ಹೊಂದುವ, ಸ್ಪಷ್ಟವಲ್ಲದ ಮಾತು 'ಇಕ್ವಿವೊಕಲ್'. ಕೊಟ್ಟ ಆದೇಶವನ್ನು ಹಿಂದಕ್ಕೆ ಕರೆಯುವುದು 'ರಿವೋಕ್'. ಈಗ 'ವಾಕ್' ಮತ್ತು 'ಭರ' ಎರಡನ್ನೂ ಸೇರಿಸಿ: 'ವೊಸಿಫರಸ್'. ದನಿಯನ್ನು ಎತ್ತಿ ಹೊತ್ತ, ಗಟ್ಟಿ ಗಂಟಲಿನ ಪ್ರತಿಭಟನೆ. ಒಂದು ಬೇರು ತಿಳಿದರೆ ಹತ್ತು ಪದ ಸಿಗುತ್ತವೆ, ಎರಡು ತಿಳಿದರೆ ಅವುಗಳ ಕೂಡಿಕೆಯೂ ಸಿಗುತ್ತದೆ.

ಯೋಗ, ಸಂಯೋಗದಲ್ಲಿರುವ ಕೂಡಿಸುವ ಅರ್ಥವೇ 'ಕಾಂಜುಗಲ್' (ದಾಂಪತ್ಯದ), 'ಜಂಕ್ಷನ್', 'ಸಬ್‌ಜುಗೇಟ್' ಪದಗಳಲ್ಲಿದೆ. ಕೊನೆಯದಕ್ಕೆ ಅಕ್ಷರಾರ್ಥ ನೊಗದ ಕೆಳಗೆ ತರುವುದು. ಇಂದಿನ ಅರ್ಥ ಅಡಿಯಾಳಾಗಿಸುವುದು. ಅಗ್ನಿಯಿಂದ 'ಇಗ್ನೈಟ್', ನವದಿಂದ 'ನಾವೆಲ್', 'ಇನ್ನೊವೇಷನ್', ದಂತದಿಂದ 'ಡೆಂಟಲ್' ನೆನಪಿಟ್ಟುಕೊಳ್ಳಿ. ಪಿತೃ, ಮಾತೃ, ನಾಮ, ಪಾದ, ದಶ, ಸಪ್ತಗಳನ್ನು ನೀವೇ ಹುಡುಕಿ. ಹುಡುಕಿದ ಪದ ಮರೆಯುವುದಿಲ್ಲ.

4. ಬೇರನ್ನು ಪೂರ್ತಿ ನಂಬಬೇಡಿ

'ಇನ್' ಇದ್ದರೆ ಎಲ್ಲ ಕಡೆ 'ಇಲ್ಲ' ಎಂದಲ್ಲ. 'ಇನ್‌ಫ್ಲೇಮಬಲ್' ಎಂದು ಬರೆದ ಟ್ಯಾಂಕರಿನ ಹತ್ತಿರ ಬೆಂಕಿಕಡ್ಡಿ ಗೀರಿದರೆ ಪ್ರಾಣಾಪಾಯ. 'ಇನ್‌ವ್ಯಾಲ್ಯುಬಲ್' ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. 'ಪೆಡೆಸ್ಟ್ರಿಯನ್'ನಲ್ಲಿ ಪಾದವಿದೆ, 'ಪೀಡಿಯಾಟ್ರಿಕ್ಸ್'ನಲ್ಲಿರುವುದು ಮಗು ಎಂಬ ಗ್ರೀಕ್ ಪದ. ಬೇರು ಊಹೆಗೆ ದಾರಿ ತೋರಿಸಲಿ, ತೀರ್ಪನ್ನು ವಾಕ್ಯಕ್ಕೂ ನಿಘಂಟಿಗೂ ಬಿಡಿ.

5. ಪದವನ್ನು ಅದರ ಜೊತೆಗಾರರ ಸಮೇತ ಕಲಿಯಿರಿ

ಕಡುಬಡತನ ಎನ್ನುತ್ತೇವೆ, ಕಡುಸಿರಿತನ ಎನ್ನುವುದಿಲ್ಲ. ಹಾಡುಹಗಲು ಉಂಟು, ಹಾಡುರಾತ್ರಿ ಇಲ್ಲ. ಇದನ್ನು ನಮಗೆ ಯಾರೂ ವ್ಯಾಕರಣ ಪುಸ್ತಕದಿಂದ ಹೇಳಿಕೊಡಲಿಲ್ಲ. ಕೇಳಿ ಕೇಳಿ ಬಂತು. ಇಂಗ್ಲಿಷಿನಲ್ಲೂ ಹೀಗೇ. 'ಆ್ಯಬ್ಜೆಕ್ಟ್' ಎಂಬ ಗುಣವಾಚಕವನ್ನು (ವಸ್ತು ಎಂಬರ್ಥದ 'ಆಬ್ಜೆಕ್ಟ್' ಬೇರೆ ಪದ) ಪಟ್ಟಿಗಳು 'ಅತ್ಯಂತ ಹೀನ' ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಅದು ಓಡಾಡುವುದು ಬಡತನ, ದುಃಸ್ಥಿತಿ, ಸೋಲುಗಳ ಜೊತೆ: 'ಆ್ಯಬ್ಜೆಕ್ಟ್ ಪಾವರ್ಟಿ', 'ಆ್ಯಬ್ಜೆಕ್ಟ್ ಫೇಲ್ಯೂರ್'. ನಮ್ಮ ಕಡುಬಡತನಕ್ಕೆ ಅದೇ ಸರಿಸಾಟಿ. 'ಇನ್‌ಕ್ಲೆಮೆಂಟ್' ಬಂದರೆ ಹಿಂದೆಯೇ 'ವೆದರ್' ಬರುತ್ತದೆ. 'ಫೋರ್‌ಗಾನ್' ಬಂದರೆ 'ಕನ್‌ಕ್ಲೂಷನ್'. ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ಅದಲುಬದಲು ಮಾಡಿದರೆ ಓದುವವರಿಗೆ ಅರ್ಥವಾದರೂ ಕಿವಿಗೆ ಒಪ್ಪುವುದಿಲ್ಲ. ಅಪರಾಧ, ತಪ್ಪು, ಆತ್ಮಹತ್ಯೆಗಳಿಗೆ 'ಕಮಿಟ್' ಎಂಬ ಕ್ರಿಯಾಪದ ಹೊಂದುತ್ತದೆ, ಒಳ್ಳೆಯ ಕೆಲಸಕ್ಕೆ ಆ ಅರ್ಥದಲ್ಲಿ ಹೊಂದುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆಯುವುದನ್ನು ಇಂದೇ ನಿಲ್ಲಿಸಿ. ಕನಿಷ್ಠ ಎರಡು ಪದಗಳ ಜೋಡಿ ಬರೆಯಿರಿ, ಸಾಧ್ಯವಾದರೆ ಇಡೀ ವಾಕ್ಯ.

6. ಪದದ ಬಣ್ಣ ನೋಡಿ

ಕನ್ನಡದಲ್ಲಿ ಮಿತವ್ಯಯಿ ಎಂದರೆ ಹೊಗಳಿಕೆ, ಜಿಪುಣ ಎಂದರೆ ಬೈಗುಳ. ಇಬ್ಬರೂ ಮಾಡುವುದು ಕಡಿಮೆ ಖರ್ಚನ್ನೇ. ಇಂಗ್ಲಿಷಿನಲ್ಲಿ 'ಫ್ರೂಗಲ್', 'ಥ್ರಿಫ್ಟಿ' ಒಂದು ಕಡೆ. 'ಸ್ಟಿಂಜಿ', 'ಮೈಸರ್ಲಿ' ಇನ್ನೊಂದು ಕಡೆ. 'ನೊಟೋರಿಯಸ್' ಎಂದು ಒಬ್ಬ ಸಾಹಿತಿಯನ್ನು ಪರಿಚಯಿಸಿದರೆ ಅವರನ್ನು ಕುಖ್ಯಾತರೆಂದು ಕರೆದಂತಾಯಿತು. ಪ್ರತಿ ಪದದ ಪಕ್ಕ ಅಧಿಕ ಅಥವಾ ಋಣ ಚಿಹ್ನೆಯೊಂದನ್ನು ಹಾಕಿಕೊಳ್ಳಿ. ವಾಕ್ಯ ಪೂರ್ಣಗೊಳಿಸುವ ಪ್ರಶ್ನೆಗಳಲ್ಲಿ ಅರ್ಥ ಪೂರ್ತಿ ಗೊತ್ತಿಲ್ಲದಿದ್ದರೂ ಈ ಚಿಹ್ನೆಯೊಂದರಿಂದಲೇ ಎರಡು ಆಯ್ಕೆಗಳನ್ನು ಹೊಡೆದುಹಾಕಬಹುದು.

7. ಗೊತ್ತಿರುವ ಪದವನ್ನೇ ಅನುಮಾನಿಸಿ

'ಲೋನ್ ಸ್ಯಾಂಕ್ಷನ್ ಆಯ್ತು' ಎಂದು ನಮ್ಮ ಹಳ್ಳಿಗಳಲ್ಲೂ ಹೇಳುತ್ತಾರೆ. ಅಲ್ಲಿ ಅದು ಮಂಜೂರಾತಿ. ವಿದೇಶ ಪುಟದಲ್ಲಿ ಒಂದು ದೇಶದ ಮೇಲೆ 'ಸ್ಯಾಂಕ್ಷನ್ಸ್' ಹೇರಿದರು ಎಂದರೆ ನಿರ್ಬಂಧ. 'ಓವರ್‌ಸೈಟ್' ಎಂದರೆ ಮೇಲ್ವಿಚಾರಣೆಯೂ ಹೌದು, ಕಣ್ತಪ್ಪೂ ಹೌದು. ನಮ್ಮ ಸಂಸತ್ತಿನಲ್ಲೂ ಬ್ರಿಟನ್ನಿನಲ್ಲೂ 'ಟೇಬಲ್' ಮಾಡುವುದೆಂದರೆ ಸದನದ ಮುಂದಿಡುವುದು, ಅಮೆರಿಕದಲ್ಲಿ ಚರ್ಚೆಯನ್ನು ಬದಿಗಿಡುವುದು. ಕಷ್ಟದ ಪದಕ್ಕಿಂತ ಇಂಥ ಪರಿಚಿತ ಪದಗಳೇ ಪರೀಕ್ಷೆಯಲ್ಲಿ ಹೆಚ್ಚು ಅಂಕ ಕಳೆಯುತ್ತವೆ. ಏಕೆಂದರೆ ಅವನ್ನು ನಾವು ನಿಘಂಟಿನಲ್ಲಿ ನೋಡುವುದೇ ಇಲ್ಲ.

8. ಅವಳಿ ಪದಗಳನ್ನು ಒಂದೇ ದಿನ ಕಲಿಯಬೇಡಿ

'ಇನ್‌ಜೀನಿಯಸ್' ಎಂದರೆ ಜಾಣ್ಮೆಯ, 'ಇನ್‌ಜೆನ್ಯುಅಸ್' ಎಂದರೆ ಮುಗ್ಧ. 'ಫ್ಲೌಟ್' ನಿಯಮ ಮುರಿಯುವುದು, 'ಫ್ಲಾಂಟ್' ಮೆರೆಯುವುದು. 'ಎಮಿನೆಂಟ್', 'ಇಮಿನೆಂಟ್' ಹೀಗೇ. ಜೋಡಿಯನ್ನು ಒಟ್ಟಿಗೆ ಕಲಿತರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಒಂದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ವಾರ ಕಳೆದ ಮೇಲೆ ಎರಡನೆಯದು.

9. ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದಿಡಿ

ಬರೆದಂತೆ ಓದುವ ಅಭ್ಯಾಸ ನಮ್ಮದು. ಇಂಗ್ಲಿಷ್ ಅದಕ್ಕೆ ಒಗ್ಗುವುದಿಲ್ಲ. ದೋಷಾರೋಪ ಹೊರಿಸುವುದಕ್ಕೆ ಇರುವ ಪದ ಬರವಣಿಗೆಯಲ್ಲಿ 'ಇಂಡಿಕ್ಟ್' ಎಂದು ಕಾಣುತ್ತದೆ, ನುಡಿಯುವುದು 'ಇನ್‌ಡೈಟ್'. 'ಎಪಿಟೋಮ್' ಎಂದು ಕಾಣುವುದು 'ಇಪಿಟಮಿ'. 'ಹೈಪರ್‌ಬೋಲ್' ಎಂದು ಕಾಣುವುದು 'ಹೈಪರ್ಬಲಿ'. 'ಸಬ್ಟಲ್' ಅಲ್ಲ, 'ಸಟ್ಲ್'. ನಮ್ಮ ಲಿಪಿ ಬಹುಪಾಲು ಧ್ವನಿಗಳನ್ನು ಚೆನ್ನಾಗಿ ಹಿಡಿಯುತ್ತದೆ, ಅದನ್ನು ಬಳಸಲು ಸಂಕೋಚ ಬೇಡ. ಹಿಡಿಯದೆ ಉಳಿಯುವುದು ಒತ್ತು. 'ಫೋಟೊಗ್ರಾಫ್' ಪದದಲ್ಲಿ ಒತ್ತು ಮೊದಲ ಭಾಗಕ್ಕೆ, 'ಫಟಾಗ್ರಫಿ'ಯಲ್ಲಿ ಎರಡನೆಯದಕ್ಕೆ, 'ಫೋಟೊಗ್ರಾಫಿಕ್'ನಲ್ಲಿ ಮೂರನೆಯದಕ್ಕೆ. ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ಮೊಬೈಲಿನ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿ, ಜೋರಾಗಿ ಹೇಳಿ. ಓದಲು ಮಾತ್ರ ಬರುವ ಪದವನ್ನು ಸಂದರ್ಶನದಲ್ಲಿ ಆಡಲು ಧೈರ್ಯ ಬರುವುದಿಲ್ಲ.

10. ಕಲಿಯುವವರ ನಿಘಂಟನ್ನೇ ಕೊಳ್ಳಿ

ಫುಟ್‌ಪಾತಿನ ಕಿರುನಿಘಂಟುಗಳಲ್ಲಿ ಪದಕ್ಕೆ ನಾಲ್ಕು ಸಮಾನಪದ ಇರುತ್ತವೆ. ಯಾವುದು ಎಲ್ಲಿಗೆ ಎಂಬುದು ತಿಳಿಯುವುದಿಲ್ಲ. ಇಂಗ್ಲಿಷ್ ತಾಯ್ನುಡಿಯಲ್ಲದವರಿಗೆಂದೇ ಮಾಡಿದ ನಿಘಂಟುಗಳಿವೆ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಮಾಡುತ್ತಾ ರೂಪಿಸಿದ್ದು ಮುಂದೆ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯಾಯಿತು. 1978ರ ಲಾಂಗ್‌ಮನ್ ನಿಘಂಟು ಸುಮಾರು 2,000 ಸುಲಭ ಪದಗಳಲ್ಲೇ ಎಲ್ಲ ಅರ್ಥಗಳನ್ನೂ ಬರೆಯಿತು. 1987ರ ಕಾಲಿನ್ಸ್ ಕೋಬಿಲ್ಡ್ ಪ್ರತಿ ಅರ್ಥವನ್ನೂ ಪೂರ್ಣ ವಾಕ್ಯದಲ್ಲಿ ಕೊಟ್ಟಿತು. ಒಂದಾದರೆ ಸಾಕು. ಪಕ್ಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಇರಲಿ. ಮೊದಲು ಇಂಗ್ಲಿಷ್ ವಿವರಣೆ ಮತ್ತು ಉದಾಹರಣೆ ಓದಿ, ಕನ್ನಡ ಅರ್ಥವನ್ನು ನೀವೇ ಊಹಿಸಿ, ಆಮೇಲೆ ಪರೀಕ್ಷಿಸಿ.

ನಾರ್ಮನ್ ಲೂಯಿಸ್ ಅವರ 'ವರ್ಡ್ ಪವರ್ ಮೇಡ್ ಈಸಿ' ಬಗ್ಗೆ ಕೇಳುವವರು ಬಹಳ. 1949ರ ಪುಸ್ತಕ, ಇಂದಿಗೂ ಒಳ್ಳೆಯದೇ. ಆದರೆ ಅದು ಅಭ್ಯಾಸಗಳ ಪುಸ್ತಕ. ಪೆನ್ನು ಹಿಡಿದು ಪ್ರತಿ ಅಭ್ಯಾಸ ಮಾಡಿದವರಿಗೆ ಮಾತ್ರ ಅದು ದಕ್ಕುತ್ತದೆ.

11. ಮರೆಯುವ ಮೊದಲೇ ನಿಮ್ಮನ್ನು ನೀವೇ ಕೇಳಿಕೊಳ್ಳಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ರಭಸವಾಗಿ ನಡೆದು ಆಮೇಲೆ ನಿಧಾನವಾಗುತ್ತದೆ. ಹಾಗಾಗಿ ಭಾನುವಾರ ಒಂದೇ ಸಲ ನಲವತ್ತು ಪದ ಉರುಹೊಡೆಯುವುದು ನಿಷ್ಪ್ರಯೋಜಕ. ಇಂದು ಕಲಿತದ್ದನ್ನು ನಾಳೆ, ಮತ್ತೆ ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ನೋಡಬೇಕು.

ನೋಡುವುದೆಂದರೆ ಮತ್ತೆ ಓದುವುದಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು: ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ವಾರದ ನಂತರ ಮುಂದಿದ್ದರು. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲ.

ಲಗ್ನಪತ್ರಿಕೆಯ ಖಾಲಿ ಬೆನ್ನನ್ನು ಕತ್ತರಿಸಿ ಚೀಟಿ ಮಾಡಿಕೊಳ್ಳಿ. ಒಂದು ಬದಿಗೆ ಪದವನ್ನು ಬಿಟ್ಟ ವಾಕ್ಯ, ಇನ್ನೊಂದು ಬದಿಗೆ ಪದ, ಉಚ್ಚಾರ, ಜೊತೆಗಾರ ಪದ, ಚಿಹ್ನೆ. 1970ರ ದಶಕದಲ್ಲಿ ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಹೇಳಿಕೊಟ್ಟ ಪೆಟ್ಟಿಗೆ ಪದ್ಧತಿ ಸರಳ: ಸರಿ ಉತ್ತರ ಬಂದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲ ಖಾನೆಗೆ. ಮುಂದಿನ ಖಾನೆಗಳನ್ನು ಹೆಚ್ಚು ಹೆಚ್ಚು ದಿನ ಬಿಟ್ಟು ತೆಗೆಯಬೇಕು. ಮೊಬೈಲಿನಲ್ಲೇ ಬೇಕೆಂದರೆ 'ಆಂಕಿ' ಎಂಬ ಆ್ಯಪ್ ಇದೇ ತತ್ವದ ಮೇಲೆ ನಡೆಯುತ್ತದೆ. ದಿನಕ್ಕೆ ಐದು ಪದ, ವಾರದಲ್ಲಿ ಆರು ದಿನ, ಏಳನೆಯ ದಿನ ಬರೀ ಪುನರಾವರ್ತನೆ. ವರ್ಷಕ್ಕೆ ಸುಮಾರು 1,500 ಪದ ನಿಮ್ಮವಾಗುತ್ತವೆ.

12. ಓದಿ, ಬರೆಯಿರಿ, ಆಡಿ

ನಿಮಗೆ ಚೆನ್ನಾಗಿ ಗೊತ್ತಿರುವ ಕನ್ನಡ ಕೃತಿಯನ್ನು ಇಂಗ್ಲಿಷಿನಲ್ಲಿ ಓದಿ. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಎ. ಕೆ. ರಾಮಾನುಜನ್ ಇಂಗ್ಲಿಷಿಗೆ ತಂದಿದ್ದಾರೆ. 'ತುಘಲಕ್', 'ಹಯವದನ'ಗಳನ್ನು ಗಿರೀಶ ಕಾರ್ನಾಡರೇ ಅನುವಾದಿಸಿದ್ದಾರೆ. ದೀಪಾ ಭಾಸ್ತಿ ಅನುವಾದಿಸಿದ ಬಾನು ಮುಷ್ತಾಕ್ ಅವರ ಕಥೆಗಳು 'ಹಾರ್ಟ್ ಲ್ಯಾಂಪ್' ಹೆಸರಿನಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪಡೆದವು. ಕಥೆ, ಊರು, ಮಾತಿನ ಧಾಟಿ ಎಲ್ಲ ಪರಿಚಿತವಾದ್ದರಿಂದ ಹೊಸ ಪದ ಬಂದಾಗ ಗಾಬರಿಯಾಗುವುದಿಲ್ಲ.

ಕಲಿತ ಪದವನ್ನು ಅದೇ ದಿನ ನಿಮ್ಮ ಬದುಕಿನ ಬಗ್ಗೆ ಒಂದು ವಾಕ್ಯದಲ್ಲಿ ಬರೆಯಿರಿ: ನಿಮ್ಮ ಬಸ್ಸು, ನಿಮ್ಮ ಹೊಲ, ನಿಮ್ಮ ಹಾಸ್ಟೆಲಿನ ನೀರು. ಗೆಳೆಯರ ಜೊತೆ ದಿನಕ್ಕೆ ಹತ್ತು ನಿಮಿಷ ಮಾತಾಡಿ. ಆದರೆ ಪ್ರಬಂಧದಲ್ಲಿ ಪದಗಳ ಪ್ರದರ್ಶನ ಮಾಡಬೇಡಿ. ಚಿಕ್ಕ ಪದ ಸಾಕಾದಲ್ಲಿ ದೊಡ್ಡದನ್ನು ಬಳಸಬೇಡಿ ಎಂದು ಜಾರ್ಜ್ ಆರ್ವೆಲ್ 1946ರಲ್ಲೇ ಬರಹಗಾರರಿಗೆ ತಾಕೀತು ಮಾಡಿದ್ದರು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಕಡ್ಡಾಯ ಇಂಗ್ಲಿಷ್ ಪತ್ರಿಕೆ 300 ಅಂಕಗಳದ್ದು, ಶೇ 25 ಬಂದರೆ ತೇರ್ಗಡೆ. ಗದ್ಯಭಾಗದ ಗ್ರಹಿಕೆ, ಸಾರಾಂಶ, ಪ್ರಬಂಧ, ಪದಬಳಕೆ ಅದರಲ್ಲಿರುತ್ತವೆ. ಅಲ್ಲಿ ನೋಡುವುದು ಅರ್ಥ ಮಾಡಿಕೊಂಡಿರೋ, ಸ್ಪಷ್ಟವಾಗಿ ಹೇಳಬಲ್ಲಿರೋ ಎಂಬುದನ್ನು. ಆ ಶೇ 25 ಬಾರದಿದ್ದರೆ ಉಳಿದ ಪತ್ರಿಕೆಗಳ ಅಂಕಗಳು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಇಂಗ್ಲಿಷನ್ನು ಕಡೆಯ ತಿಂಗಳಿಗೆ ಬಿಡಬೇಡಿ.

ಈ ಹಾದಿಯಲ್ಲಿ ಆಗಲೇ ನಡೆದು ಕೆಲಸ ಹಿಡಿದವರಲ್ಲಿ ಒಂದು ಬೇಡಿಕೆಯಿದೆ. ನಿಮ್ಮ ಕಪಾಟಿನಲ್ಲಿ ಧೂಳು ಹಿಡಿದಿರುವ ಆ ಒಳ್ಳೆಯ ನಿಘಂಟನ್ನು ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಡಿ. ಊರಿಗೆ ಹೋದಾಗ ಅಲ್ಲಿ ಒಂದು ಗಂಟೆ ಕೂತು, ಅದನ್ನು ಬಳಸುವುದು ಹೇಗೆಂದು ಓದುವ ಮಕ್ಕಳಿಗೆ ತೋರಿಸಿ ಬನ್ನಿ.